ಟಿಟಿ ಬಾಲು, ಲೇಸರ್ ಮತ್ತು ನನ್ನ ಹಠಮಾರಿ ಟ್ಯೂಬು

"ಲೇಸರ್ ಯಾಕಪ್ಪಾ, ಮ್ಯೂಯಾನ್ ಪುಗಸಟ್ಟೆ ಸಿಗುತ್ತಲ್ಲ?" ಎಂದು ಕೇಳದವರು ಮೈಸೂರಿನ ನಮ್ಮ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಮಾತು ಸುಳ್ಳಲ್ಲ. ಆಕಾಶದಿಂದ ಸದಾ ಸುರಿಯುವ ಮ್ಯೂಯಾನ್ ಕಣ ನನ್ನ ಪ್ಯಾಡಲನ್ನು, ಅಂದರೆ ಸಿಂಟಿಲೇಟರ್ ಹಲಗೆಯನ್ನು, ಹಾದಾಗ ಅದು ಮಿನುಗುತ್ತದೆ. ಆ ಬೆಳಕನ್ನು ಟ್ಯೂಬು (ಫೋಟೋಮಲ್ಟಿಪ್ಲೈಯರ್) ಹಿಗ್ಗಿಸಿ ಸಿಗ್ನಲ್ ಮಾಡುತ್ತದೆ. ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದೇ ಗೇನ್. ಅದು ಜಾರುತ್ತಿದೆಯಾ ಅಂತ ಗೊತ್ತಾಗಲು ಗೊತ್ತಿರುವ ಬೆಳಕು ಬೇಕು. ಆದರೆ ನನ್ನ ಪ್ಯಾಡಲ್ 20 ಸೆಂ.ಮೀ. ಚೌಕ. ಎರಡು ಪ್ಯಾಡಲ್ ಒಟ್ಟಿಗೇ ಮಿನುಗಿದರೆ ಮಾತ್ರ ಎಣಿಸುವ ಕೋಇನ್ಸಿಡೆನ್ಸ್‌ಗೆ ಹಾಕಿದರೆ ನಿಮಿಷಕ್ಕೆ ನೂರೋ ನೂರಿಪ್ಪತ್ತೋ ಬರುತ್ತವೆ. ಸಿಗ್ನಲ್‌ಗಳು ಹೆಚ್ಚಾಗಿ ಗುಂಪುಗೂಡುವ ಅಳತೆ, ಅಂದರೆ ಪೀಕ್, ಎಲ್ಲಿದೆ ಎಂದು ಗಟ್ಟಿಯಾಗಿ ಹೇಳಲು ಗಂಟೆಗಟ್ಟಲೆ ಕಾಯಬೇಕು. ಕರೆಂಟ್ ಹೋಗಿ ಬಂದ ಮೊದಲ ಹತ್ತು ನಿಮಿಷ ಟ್ಯೂಬು ಏನು ಆಟ ಆಡಿತು ಅಂತ ಗೊತ್ತೇ ಆಗುವುದಿಲ್ಲ. ಸೆಕೆಂಡಿಗೆ 100 ಸಲ ಮಿನುಗುವ ಲೇಸರ್ ಇದ್ದರೆ ಒಂದೇ ನಿಮಿಷ ಸಾಕು.

ರೆಡಿಮೇಡ್ ಪಲ್ಸ್ ಲೇಸರ್‌ಗೆ ಕೊಟೇಶನ್ ತರಿಸಿದೆ. ಆ ದುಡ್ಡಿಗೆ ಕಾರೇ ಬರುತ್ತಿತ್ತು. ಅಮೆರಿಕದ ಫರ್ಮಿಲ್ಯಾಬ್‌ನ ಮ್ಯೂಯಾನ್ ಜಿ-2 ಪ್ರಯೋಗದವರು ತಮ್ಮ 1296 ಡಿಟೆಕ್ಟರ್ ಹರಳುಗಳಿಗೆ ಬಿಟ್ಟಿದ್ದೂ 405 ನ್ಯಾನೋಮೀಟರ್ ಬೆಳಕನ್ನೇ. ಅದೇ ಬಣ್ಣದ ಚಿಕ್ಕ ಡಯೋಡ್ ಐನೂರು ರೂಪಾಯಿಗೆ ಸಿಕ್ಕಿತು. ಡ್ರೈವರ್ ನಾನೇ ಬೆಸುಗೆ ಹಾಕಿದೆ. ಮೂರು ಡಯೋಡ್ ಸುಟ್ಟೆ, ಅದು ಬೇರೆ ಲೆಕ್ಕ.

ಮೊದಲ ಮೂರು ತಿಂಗಳು ಪೂರ್ತಿ ದಂಡ. ಮಧ್ಯಾಹ್ನವಾದರೆ ಸಿಗ್ನಲ್ ಇಳಿಯುತ್ತಿತ್ತು, ರಾತ್ರಿ ಏರುತ್ತಿತ್ತು. ಟ್ಯೂಬನ್ನು ಬೈದದ್ದೇ ಬೈದದ್ದು. ಆಮೇಲೆ ನೋಡಿದರೆ ಬಿಸಿಗೆ ಡಯೋಡಿನ ಬೆಳಕೇ ಕುಗ್ಗುತ್ತಿತ್ತು! ಅಂದರೆ ಅಷ್ಟು ದಿನ ಅಳೆದದ್ದು ಲೇಸರಿನ ಬೇನೆಯನ್ನು. ಲೇಸರಿನ ಬೆಳಕನ್ನೇ ಅಳೆಯಲು ಒಂದು ಫೋಟೋಡಯೋಡ್ ಇಟ್ಟು, ಟ್ಯೂಬಿನ ಸಿಗ್ನಲ್‌ಗೂ ಅದಕ್ಕೂ ಅನುಪಾತ ತೆಗೆದೆ. ಅದರ ಆಂಪ್ಲಿಫೈಯರ್ ಕೂಡ ಬಿಸಿಗೆ ಜಾರಿತು. ಕೊನೆಗೆ ಎಲ್ಲವನ್ನೂ ಔಷಧಿ ಅಂಗಡಿಯವರು ಬಿಸಾಕಿದ್ದ ಥರ್ಮಾಕೋಲ್ ಡಬ್ಬಿಯೊಳಗೆ ಕೂರಿಸಿದೆ. ಒಳಗೆ ಸಣ್ಣ ಹೀಟರ್ ಹಾಕಿ 38 ಡಿಗ್ರಿಗೆ ನಿಲ್ಲಿಸಿದೆ.

ಮತ್ತೊಂದು ದಿನ ಸಿಗ್ನಲ್ ದಿಢೀರನೆ ನಾಲ್ಕು ಪರ್ಸೆಂಟ್ ಹಾರಿತು. ಕಸ ಗುಡಿಸುವಾಗ ಪೊರಕೆ ತಾಗಿ, ಲೇಸರ್ ಬೆಳಕನ್ನು ಟ್ಯೂಬಿಗೆ ಒಯ್ಯುವ ಫೈಬರ್ ಬಾಗಿತ್ತು, ಅಷ್ಟೆ. ಬೆಳಕನ್ನು ಕಲಸಿ ಹಂಚಬೇಕು ಅಂತ ಆಗ ಹೊಳೆಯಿತು. ಟೇಬಲ್ ಟೆನ್ನಿಸ್ ಬಾಲಿಗೆ ನಾಲ್ಕು ತೂತು ಕೊರೆದೆ: ಒಂದರಲ್ಲಿ ಬೆಳಕು ಒಳಕ್ಕೆ, ಎರಡರಲ್ಲಿ ಟ್ಯೂಬುಗಳಿಗೆ, ಇನ್ನೊಂದರಲ್ಲಿ ಫೋಟೋಡಯೋಡಿಗೆ. ಬಾಲಿನ ಒಳಗೆ ಏನು ಬಳಿದೆ ಅಂತ ಮಾತ್ರ ಕೇಳಬೇಡಿ.

ಆಗ ಟ್ಯೂಬಿನ ನಿಜ ಬಣ್ಣ ಬಯಲಾಯಿತು. ಟ್ಯೂಬಿಗೆ ಕೊಡುವ ಹೈವೋಲ್ಟೇಜ್ ಒಂದು ಪರ್ಸೆಂಟ್ ಅಲ್ಲಾಡಿದರೆ ಗೇನ್ ಏಳೆಂಟು ಪರ್ಸೆಂಟ್ ಅಲ್ಲಾಡುತ್ತದೆ. ನಮ್ಮ ಹಳೇ ಸಪ್ಲೈ ಅಷ್ಟಲ್ಲದಿದ್ದರೂ ಕಾಟ ಕೊಡುವಷ್ಟು ಅಲ್ಲಾಡುತ್ತಿತ್ತು. ಏಪ್ರಿಲ್ ಬಿಸಿಲಿನಲ್ಲಿ ಮ್ಯೂಯಾನ್ ಪೀಕ್ ಆರು ಪರ್ಸೆಂಟ್ ಜಾರಿತ್ತು. ಲೇಸರ್ ತಿದ್ದುಪಡಿ ಹಾಕಿದ ಮೇಲೆ ಮೂರು ವಾರ ಒಂದು ಪರ್ಸೆಂಟಿನೊಳಗೇ ನಿಂತಿತು. ಒಟ್ಟು ಖರ್ಚು ಹದಿಮೂರು ಸಾವಿರದ ಆಸುಪಾಸು.

ಸುಮ್ನೆ ಇರಲಾಗದೆ ಒಂದು ಬೆಳಗಿನ ಜಾವ ಎಲ್ಲವನ್ನೂ ಬ್ಯಾಟರಿ ಸಮೇತ ಚಾಮುಂಡಿ ಬೆಟ್ಟಕ್ಕೆ ಹೊತ್ತೆ. ಎಣಿಕೆ ಏಳು ಪರ್ಸೆಂಟ್ ಜಾಸ್ತಿ ಬಂತು. ಅದರಲ್ಲಿ ಸ್ವಲ್ಪ ಪಾಲು ಚಳಿಗೆ ಗೇನ್ ಏರಿದ್ದು ಅಂತ ಲೇಸರ್ ಹೇಳಿತು, ಉಳಿದದ್ದು ಎತ್ತರದ್ದು. ಲೇಸರ್ ಇಲ್ಲದಿದ್ದರೆ ಪೂರ್ತಿ ಬೆಟ್ಟದ ಮಹಿಮೆ ಅಂತ ಬರೆದುಬಿಡುತ್ತಿದ್ದೆ.

ಒಂದು ಕೊರತೆ ಉಂಟು. ಫೈಬರ್ ಅಂಟಿಸಿರುವುದು ಟ್ಯೂಬಿನ ಮುಂದೆ. ಸಿಂಟಿಲೇಟರ್ ಮಾಸಿದರೆ ಇದಕ್ಕೆ ಕಾಣುವುದಿಲ್ಲ, ಅದಕ್ಕೆ ಮ್ಯೂಯಾನೇ ಗತಿ. ಪುಗಸಟ್ಟೆ ಅಂದವರಿಗೆ ಅಷ್ಟು ಬಿಟ್ಟುಕೊಟ್ಟಿದ್ದೇನೆ. ಈಗ ಅವರೇ ಬಾಲಿನಲ್ಲಿ ಇನ್ನೊಂದು ತೂತಿಗೆ ಜಾಗ ಇದೆಯಾ ಅಂತ ಕೇಳುತ್ತಿದ್ದಾರೆ. ಇದೆ. ಫೈಬರ್ ದುಡ್ಡು ಅವರದ್ದು.