ಮಳೆ ಹಿಂದೆ ಸರಿಯುವ ತಿಂಗಳುಗಳಲ್ಲಿ ನಮ್ಮ ಮನೆಯ ಪ್ರಾರ್ಥನೆ

ಕರಾವಳಿಯ ಶರತ್ಕಾಲದಲ್ಲಿ ಕಾಡು ಕೆಂಪಾಗುವುದಿಲ್ಲ. ನಮ್ಮಲ್ಲಿ ಎಲೆ ಉದುರುವುದೇನಿದ್ದರೂ ಜನವರಿ ಕಳೆದ ಮೇಲೆ. ಸೆಪ್ಟೆಂಬರಿನಿಂದ ನವೆಂಬರಿನ ತನಕ ಇಲ್ಲಿ ಮಳೆಯ ಬಿರುಸು ತಗ್ಗುತ್ತದೆ, ಸ್ವರ್ಣಾ ನದಿಯ ಕೆಂಪು ನೀರು ತಿಳಿಯಾಗುತ್ತದೆ, ಏಣೆಲು ಎಂಬ ಮಳೆಗಾಲದ ಭತ್ತದ ಬೆಳೆಯ ಗದ್ದೆಗಳು ಹಸಿರಿನಿಂದ ಹಳದಿಗೆ ತಿರುಗುತ್ತವೆ. ಉಡುಪಿಯ ಕಲ್ಯಾಣಪುರದ ಸಮೀಪದಲ್ಲಿ ವಾಸವಾಗಿರುವ ನಾವು, ಅಂದರೆ ನಾನು, ನನ್ನ ಗಂಡ, ಇಬ್ಬರು ಮಕ್ಕಳು ಮತ್ತು ಅತ್ತೆ, ಈ ತಿಂಗಳುಗಳಲ್ಲಿ ಶನಿವಾರ ಬೆಳಗಿನ ಪ್ರಾರ್ಥನೆಯನ್ನು ಮನೆಯ ದೇವರ ಪೀಠದ ಮುಂದಿನಿಂದ ಗದ್ದೆಯ ಬದುವಿಗೆ, ಹೊಳೆಯ ದಂಡೆಗೆ, ಕಡಲ ಕರೆಗೆ ಒಯ್ಯುತ್ತೇವೆ. ಕೆಲವು ವರ್ಷಗಳಿಂದ ನಡೆದುಬಂದಿರುವ ಈ ರೂಢಿ ನಮ್ಮ ಮಕ್ಕಳ ವಿಶ್ವಾಸವನ್ನು ಬೆಳೆಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದರ ಮೊದಲ ಹೆಜ್ಜೆಯನ್ನು ನಾವು ಹೊಸದಾಗಿ ಇಡಬೇಕಾಗಿರಲಿಲ್ಲ, ಕರಾವಳಿಯ ಕಥೋಲಿಕರ ತೆನೆ ಹಬ್ಬವಾದ ಮೊಂತಿ ಫೆಸ್ತ್ ಅದನ್ನು ಮೊದಲೇ ಇಟ್ಟುಕೊಟ್ಟಿತ್ತು. ಕನ್ಯಾ ಮರಿಯಮ್ಮನವರ ಜನ್ಮದಿನವಾದ ಸೆಪ್ಟೆಂಬರ್ 8ಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಇಗರ್ಜಿಗೆ ಒಯ್ಯುತ್ತಾರೆ; ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಕೂಡಿ ಸೇವಿಸುತ್ತೇವೆ. ಮಂಗಳೂರಿನ ಸಮೀಪದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಈ ಹಬ್ಬಕ್ಕೆ ಈಗಿನ ರೂಪ ಬಂತೆಂದು ಪರಂಪರೆ ಹೇಳುತ್ತದೆ. ತೆನೆಯನ್ನೂ ತಾಯಿ ಮರಿಯಳನ್ನೂ ಒಂದೇ ದಿನ ನೆನೆಯುವಂತೆ ಮಾಡಿದ ಹಿರಿಯರ ವಿವೇಕವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ, ಏಕೆಂದರೆ ಹೊಲದಲ್ಲಿ ಬೆಳೆದದ್ದಕ್ಕೂ ಪೀಠದ ಮೇಲೆ ಅರ್ಪಿತವಾದದ್ದಕ್ಕೂ ಇರುವ ನಂಟು ಅಲ್ಲಿ ಮಗುವಿನ ನಾಲಿಗೆಗೇ ತಿಳಿಯುತ್ತದೆ. ನಾವು ಸೇರಿಸಿದ್ದು ಎರಡೇ ಸಂಗತಿಗಳನ್ನು. ದಾಸವಾಳವಾಗಲಿ, ರಥಪುಷ್ಪವಾಗಲಿ, ಹೂ ಕೊಯ್ಯುವ ಮುನ್ನ ಆ ಗಿಡಕ್ಕೆ ಯಾವ ದುಂಬಿ, ಯಾವ ಹಕ್ಕಿ ಬರುತ್ತದೆಂದು ಮಕ್ಕಳು ಒಂದಷ್ಟು ಹೊತ್ತು ನಿಂತು ನೋಡಬೇಕು ಮತ್ತು ಅವುಗಳ ಪಾಲಿನ ಹೂಗಳನ್ನು ಗಿಡದಲ್ಲೇ ಬಿಡಬೇಕು. ಹಬ್ಬಕ್ಕೆ ಮುಂಚಿನ ಒಂದು ಸಂಜೆ ಪರಿಚಯದ ರೈತರೊಬ್ಬರ ಗದ್ದೆಗೆ ಹೋಗಿ, ಹಾಲುತುಂಬಿದ ಕಾಳನ್ನು ಅವರಿಂದಲೇ ಕೇಳಿ ಮುಟ್ಟಿ ನೋಡಬೇಕು.

ಹೊರಗಿನ ಪ್ರಾರ್ಥನೆಯಲ್ಲಿ ನಾವು ಬಿಗಿಯಾಗಿ ಪಾಲಿಸುವ ಕ್ರಮವೊಂದಿದೆ: ನೋಡುವುದು ಮೊದಲು, ವಚನ ಆಮೇಲೆ. ಜಾಗ ತಲುಪಿದ ಮೇಲೆ ಅರ್ಧ ಗಂಟೆ ಯಾರೂ ಮಾತನಾಡುವುದಿಲ್ಲ, ಮೊಬೈಲು ಚೀಲದೊಳಗೇ ಇರುತ್ತದೆ. ಪ್ರತಿಯೊಬ್ಬರೂ ತಮಗೆ ಇಷ್ಟವಾದ ಒಂದು ವಸ್ತುವಿನ ಬಳಿ ಕುಳಿತು ಅದನ್ನೇ ನೋಡುತ್ತಾರೆ. ಬಳಿಕ ಕಂಡದ್ದನ್ನು ಹೇಳುತ್ತಾರೆ. ಅನಂತರವೇ ಬೈಬಲ್ ತೆರೆಯುತ್ತೇವೆ. ವಚನವನ್ನು ಮೊದಲೇ ಓದಿದರೆ ಮಕ್ಕಳು ಅದಕ್ಕೆ ಹೊಂದುವ ಉದಾಹರಣೆಯನ್ನು ಹುಡುಕುತ್ತಾರೆಯೇ ಹೊರತು ಎದುರಿಗಿರುವುದನ್ನು ನೋಡುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಲದ ಹೂಗಳನ್ನು ಗಮನಿಸಿರಿ ಎಂದು ಯೇಸುಸ್ವಾಮಿ ಹೇಳಿದಾಗ ಶಿಷ್ಯರ ಕಣ್ಣಿಗೆ ಆ ಹೂಗಳು ಬಿದ್ದಿದ್ದಿರಬೇಕು.

ಈ ಕ್ರಮದ ಬೆಲೆ ನನಗೆ ಚೆನ್ನಾಗಿ ತಿಳಿದದ್ದು ಮಣಿಪಾಲದ ಕಡೆಯ ಒಂದು ಪದವಿನಲ್ಲಿ. ಮುರಕಲ್ಲಿನ ಆ ಬಯಲಿನಲ್ಲಿ ಸೆಪ್ಟೆಂಬರಿನ ಹೊತ್ತಿಗೆ ನೀರು ಇನ್ನೂ ಜಿನುಗುತ್ತಿರುತ್ತದೆ ಮತ್ತು ಕಲ್ಲಿನ ಮೇಲಿನ ತೆಳುವಾದ ಮಣ್ಣಿನಲ್ಲಿ ಯುಟ್ರಿಕ್ಯುಲೇರಿಯ ಎಂಬ ಪುಟ್ಟ ಗಿಡದ ನೀಲಿ ಹೂಗಳು ಹಾಸಿದಂತೆ ಅರಳುತ್ತವೆ. ಆ ಗಿಡಕ್ಕೆ ನಿಜವಾದ ಬೇರಿಲ್ಲ. ಸಾರವಿಲ್ಲದ ಆ ನೆಲದಲ್ಲಿ ಅದು ಬದುಕುವುದು, ತೀರಾ ಚಿಕ್ಕ ಚೀಲಗಳಲ್ಲಿ ನೀರಿನ ಸೂಕ್ಷ್ಮಜೀವಿಗಳನ್ನು ಸೆಳೆದುಕೊಂಡು ಜೀರ್ಣಿಸಿಕೊಳ್ಳುವುದರಿಂದ. ನನ್ನ ಗಂಡ ಇದನ್ನು ವಿವರಿಸಿದಾಗ ಮಗಳು, “ಅಮ್ಮಾ, ಇಷ್ಟು ಚೆಂದದ ಹೂವು ಜೀವಿಗಳನ್ನು ಕೊಂದು ತಿನ್ನುವುದಾದರೆ ದೇವರು ಅದನ್ನು ಯಾಕೆ ಹಾಗೆ ಮಾಡಿದರು?” ಎಂದು ಕೇಳಿದಳು. ಸೃಷ್ಟಿಯಲ್ಲಿ ಸೊಗಸನ್ನು ಮಾತ್ರ ತೋರಿಸಿ ದೇವರನ್ನು ಹೊಗಳುವುದು ಸುಲಭ, ಆದರೆ ಅಂಥ ಹೊಗಳಿಕೆ ಮಗುವಿನ ಮೊದಲ ಪ್ರಶ್ನೆಗೇ ಕುಸಿಯುತ್ತದೆ. ನಾವು ಅಲ್ಲೇ ಕುಳಿತು ಬೈಬಲಿನ 104ನೇ ಕೀರ್ತನೆಯನ್ನು ಓದಿದೆವು. ಅದರ 21ನೇ ವಚನದಲ್ಲಿ ಸಿಂಹದ ಮರಿಗಳು ಬೇಟೆಗಾಗಿ ಗರ್ಜಿಸುವುದನ್ನು ಕೀರ್ತನೆಕಾರ ಮುಚ್ಚಿಡುವುದಿಲ್ಲ. ಅವು ದೇವರಿಂದಲೇ ಆಹಾರವನ್ನು ಕೇಳುತ್ತವೆ ಎನ್ನುತ್ತಾನೆ. ಮಗಳ ಪ್ರಶ್ನೆಗೆ ಅದು ಪೂರ್ಣ ಉತ್ತರವಲ್ಲವೆಂದು ಅವಳಿಗೂ ಹೇಳಿದೆ. ಆದರೆ ಅದೇ ಪ್ರಶ್ನೆಯನ್ನು ಪವಿತ್ರ ಗ್ರಂಥವೂ ಎದುರಿಸಿದೆ, ಎದುರಿಸಿದ ಮೇಲೂ ಸ್ತುತಿಯನ್ನು ನಿಲ್ಲಿಸಿಲ್ಲ ಎಂಬುದು ಅವಳಿಗೆ ಧೈರ್ಯ ಕೊಟ್ಟಿತು. ಅಂದಿನಿಂದ ಅವಳು ಪ್ರಾರ್ಥನೆಯಲ್ಲಿ ಪ್ರಶ್ನೆಗಳನ್ನೂ ದೇವರ ಮುಂದೆ ಇಡುತ್ತಾಳೆ.

ಅಕ್ಟೋಬರಿನಲ್ಲಿ ನಾವು ಸ್ವರ್ಣಾ ಮತ್ತು ಸೀತಾ ನದಿಗಳು ಕಡಲಿಗೆ ಸೇರುವ ಕೋಡಿಬೆಂಗ್ರೆಯ ಕಡೆಗೆ ಹೋಗುತ್ತೇವೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಹಳದಿ ಕೊಡತಿಕೀಟಗಳು ಆಗ ಗುಂಪುಗುಂಪಾಗಿ ಹಾರುತ್ತಿರುತ್ತವೆ. ಪ್ಯಾಂಟಾಲ ಫ್ಲಾವೆಸೆನ್ಸ್ ಎಂಬ ಈ ಜಾತಿಯ ಕೀಟಗಳು ಭಾರತದಿಂದ ಮಾಲ್ಡೀವ್ಸ್ ಮೂಲಕ ಹಿಂದೂ ಮಹಾಸಾಗರವನ್ನು ದಾಟಿ ಪೂರ್ವ ಆಫ್ರಿಕಾದವರೆಗೆ ವಲಸೆ ಹೋಗುತ್ತವೆ ಎಂಬ ವಿಚಾರವನ್ನು ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರಕಟಿಸಿದರು. ಹೋದ ಕೀಟವೇ ಮರಳಿ ಬರುವುದಿಲ್ಲ. ಮಳೆ ಬಿದ್ದಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ, ದಾರಿಯನ್ನು ಮುಂದಿನ ತಲೆಮಾರುಗಳು ಪೂರೈಸುತ್ತವೆ. ಇದನ್ನು ಕೇಳಿದ ನನ್ನ ಅತ್ತೆಯವರು ಕೈಯಲ್ಲಿದ್ದ ಜಪಸರವನ್ನು ಹಿಡಿದುಕೊಂಡೇ, ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯವನ್ನು ಓದು ಎಂದು ಮೊಮ್ಮಗನಿಗೆ ಹೇಳಿದರು. ವಾಗ್ದಾನದ ಫಲವನ್ನು ಪಡೆಯದೆ, ದೂರದಿಂದಲೇ ಅದನ್ನು ಕಂಡು ವಂದಿಸಿ, ವಿಶ್ವಾಸದಲ್ಲೇ ಮಡಿದ ಪೂರ್ವಜರ ಮಾತು ಅಲ್ಲಿದೆ. ಕೀಟದ ವಲಸೆಯಿಂದ ದೇವರಿದ್ದಾರೆಂದು ಸಾಬೀತಾಗುತ್ತದೆ ಎಂದು ನಾನು ಮಕ್ಕಳಿಗೆ ಎಂದೂ ಹೇಳುವುದಿಲ್ಲ. ವಿಶ್ವಾಸವಿರುವ ಕಣ್ಣಿಗೆ ಸೃಷ್ಟಿ ಇನ್ನಷ್ಟು ಆಳವಾಗಿ ಕಾಣುತ್ತದೆ ಎಂದಷ್ಟೇ ಹೇಳುತ್ತೇನೆ.

ಹೊರಡುವವರು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಅಕ್ಟೋಬರಿನ ಮಧ್ಯಾಹ್ನದ ಸೆಖೆಯ ಬೆನ್ನಿಗೆ ಗುಡುಗು ಸಿಡಿಲು ಬರುವುದುಂಟು ಮತ್ತು ಪದವು ಬಯಲಾದ್ದರಿಂದ ಅಲ್ಲಿ ಸಿಡಿಲಿನ ಅಪಾಯ ಹೆಚ್ಚು. ಹುಲ್ಲು ಎತ್ತರವಾಗಿರುವಾಗ ಹಾವುಗಳ ಎಚ್ಚರ ಬೇಕು. ಶೂ ಹಾಕಿ, ಕೋಲು ತಟ್ಟುತ್ತ ನಡೆಯುತ್ತೇವೆ. ಅಳಿವೆಯಲ್ಲಿ ಸೆಳೆತ ಬಲವಾಗಿರುವುದರಿಂದ ಮಕ್ಕಳನ್ನು ನೀರಿಗೆ ಇಳಿಸುವುದಿಲ್ಲ. ವಾಪಸು ಬರುವಾಗ ದಂಡೆಯ ಪ್ಲಾಸ್ಟಿಕ್ಕನ್ನು ಒಂದು ಗೋಣಿಗೆ ತುಂಬುವುದೂ ನಮ್ಮ ಪ್ರಾರ್ಥನೆಯ ಭಾಗವೇ. ಸೃಷ್ಟಿಯ ಪಾಲನೆಗಾಗಿ ಸೆಪ್ಟೆಂಬರ್ 1ನ್ನು ಪ್ರಾರ್ಥನಾ ದಿನವನ್ನಾಗಿ ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಕಥೋಲಿಕ ಸಭೆಗೆ ಗೊತ್ತುಪಡಿಸಿದರು. ಸೆಪ್ಟೆಂಬರ್ 1ರಿಂದ ಸಂತ ಫ್ರಾನ್ಸಿಸ್ ಅಸಿಸಿಯವರ ಹಬ್ಬವಾದ ಅಕ್ಟೋಬರ್ 4ರ ತನಕದ ಅವಧಿಯನ್ನು ಸೃಷ್ಟಿಯ ಕಾಲವೆಂದು ಆಚರಿಸುತ್ತಾರೆ. ಸ್ತುತಿಸುವ ಬಾಯಿ ಇದ್ದು ಹೆಕ್ಕುವ ಕೈ ಇಲ್ಲದಿದ್ದರೆ ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಇಗರ್ಜಿಯಲ್ಲಿ ನಡೆಯುವ ಭಾನುವಾರದ ಬಲಿಪೂಜೆಗೆ ಇದು ಬದಲಿಯಲ್ಲ. ನಾವು ಹೊಳೆಯನ್ನು ಆರಾಧಿಸುವುದಿಲ್ಲ, ಹೊಳೆಯನ್ನು ಕೊಟ್ಟವರನ್ನು ಆರಾಧಿಸುತ್ತೇವೆ. ಶನಿವಾರ ಕಂಡದ್ದನ್ನು ಮರುದಿನ ಕಾಣಿಕೆಯ ಹೊತ್ತಿನಲ್ಲಿ ಮನಸ್ಸಿನಲ್ಲಿಯೇ ಪೀಠದ ಮೇಲೆ ಇಡುವಂತೆ ಮಕ್ಕಳಿಗೆ ಕಲಿಸಿದ್ದೇವೆ.

ಆರಂಭಿಸಬಯಸುವ ಕುಟುಂಬಕ್ಕೆ ಬೇರೆ ಪುಸ್ತಕದ ಅಗತ್ಯವಿಲ್ಲ, 104ನೇ ಕೀರ್ತನೆಯೊಂದೇ ಸಾಕು. ಅದರ 35 ವಚನಗಳನ್ನು ವಾರಗಳಿಗೆ ಹಂಚಿಕೊಂಡು, ಬುಗ್ಗೆಗಳ ವಚನವನ್ನು ಹೊಳೆಯ ಬಳಿಯಲ್ಲಿ, ಭೂಮಿಯಿಂದ ಬರುವ ಆಹಾರದ ವಚನವನ್ನು ಗದ್ದೆಯಲ್ಲಿ, ವಿಶಾಲವಾದ ಸಮುದ್ರದ ವಚನವನ್ನು ಕಡಲ ಕರೆಯಲ್ಲಿ ಓದಬಹುದು. ದೇವರು ಉಸಿರನ್ನು ಹಿಂತೆಗೆದುಕೊಂಡರೆ ಜೀವಿಗಳು ಮಣ್ಣಾಗುವುದನ್ನೂ ದೇವರ ಆತ್ಮ ಬಂದಾಗ ಭೂಮಿ ಹೊಸದಾಗುವುದನ್ನೂ ಹೇಳುವ 29 ಮತ್ತು 30ನೇ ವಚನಗಳನ್ನು ನಾವು ನವೆಂಬರ್ 2ಕ್ಕೆ ಉಳಿಸಿಕೊಳ್ಳುತ್ತೇವೆ, ಮೃತರನ್ನು ಸ್ಮರಿಸುವ ಆ ದಿನ ಮಾವನವರ ಸಮಾಧಿಯ ಬಳಿ ಅವನ್ನು ಮಗ ಓದುತ್ತಾನೆ.