ಸ್ಟಂಪ್ ಹಿಂದೆ ನಿಂತು ಕಲಿತ ಟೆಸ್ಟಿಂಗ್

ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಅಂಪೈರ್ ಅಂದುಕೊಂಡಿದ್ದೆ. ನಾನು ಫೇಲ್ ಅಂದರೆ ಫೇಲ್. ಬಗ್ (ಸಾಫ್ಟ್‌ವೇರಿನ ದೋಷ) ಜಾಸ್ತಿ ಸಿಕ್ಕಷ್ಟೂ ಖುಷಿ. ಡೆವಲಪರ್‌ಗಳು ನನ್ನ ಸೀಟಿನ ಹತ್ತಿರ ಬರುವುದನ್ನೇ ಬಿಟ್ಟಿದ್ದರು.

ಆ ಜಂಬ ಇಳಿಸಿದ್ದು ಒಂದೇ ಒಂದು ಬಗ್. ಅದು ಬಿಲ್ ಕಟ್ಟುವ ಆ್ಯಪ್. ನೆಟ್‌ವರ್ಕ್ ನಿಧಾನವಿತ್ತು, ಪೇ ಬಟನ್ ಎರಡು ಸಲ ಒತ್ತಿದೆ. ದುಡ್ಡೂ ಎರಡು ಸಲ ಹೋಯಿತು. ಮತ್ತೆ ಹತ್ತು ಸಲ ಮಾಡಿ ನೋಡಿದರೂ ಹಾಗಾಗಲಿಲ್ಲ. ಸುಮ್ನೆ ಯಾಕೆ ನಗೆಪಾಟಲು ಅಂತ ರಿಪೋರ್ಟ್ ಬರೆಯದೆ ಬಿಟ್ಟೆ. ರಿಲೀಸ್ ಆದ ವಾರದಲ್ಲೇ ಗ್ರಾಹಕರ ದೂರು ಶುರುವಾಯಿತು.

ಕಾಲೇಜಿನಲ್ಲಿ ನಾನು ವಿಕೆಟ್ ಕೀಪರ್. ಆ ರಾತ್ರಿ ನೆನಪಾದದ್ದು ಕ್ರಿಕೆಟ್ಟಿನ 31ನೇ ನಿಯಮ: ಫೀಲ್ಡಿಂಗ್ ತಂಡ ಅಪೀಲ್ ಮಾಡದೆ ಅಂಪೈರ್ ಔಟ್ ಕೊಡುವಂತಿಲ್ಲ. ಬ್ಯಾಟಿಗೆ ಚೆಂಡು ಸವರಿದ ಸದ್ದು ಕೇಳಿಯೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ರಿಲೀಸ್ ತಡೆಯುವ ತೀರ್ಮಾನ ಮ್ಯಾನೇಜರದ್ದು. ಅಪೀಲ್ ಮಾತ್ರ ನನ್ನದು, ಅದನ್ನೇ ಮಾಡಿರಲಿಲ್ಲ. ಈಗ ‘ಒಂದೇ ಸಲ ಕಂಡಿತು’ ಅಂತಲೇ ಬರೆಯುತ್ತೇನೆ. ಜೊತೆಗೆ ಸಮಯ, ಫೋನ್ ಮಾಡೆಲ್, ಲಾಗ್ (ಆ್ಯಪ್ ಏನೇನು ಮಾಡಿತು ಅನ್ನುವ ದಾಖಲೆ) ಹಾಕುತ್ತೇನೆ.

ಟೆಸ್ಟರನ್ನು ಫುಟ್‌ಬಾಲ್ ಗೋಲ್‌ಕೀಪರ್‌ಗೆ ಹೋಲಿಸುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಚೆಂಡು ಒದೆಯುವವನು ಎದುರಾಳಿ. ನನ್ನ ಕಡೆ ಬರುವ ಚೆಂಡು ನಮ್ಮವನೇ ಎಸೆದದ್ದು, ಅಲ್ವಾ? ವಿಕೆಟ್ ಕೀಪರ್ ನಮ್ಮ ಸೈಯದ್ ಕಿರ್ಮಾನಿ 88 ಟೆಸ್ಟ್ ಪಂದ್ಯಗಳಲ್ಲಿ 198 ಬಲಿ ಪಡೆದರು. ಸ್ಕೋರ್‌ಕಾರ್ಡಿನಲ್ಲಿ ಪ್ರತಿಯೊಂದರ ಪಕ್ಕದಲ್ಲೂ ಒಬ್ಬ ಬೌಲರ್ ಹೆಸರಿದೆ. ಸ್ಪಿನ್ನರ್ ಚಂದ್ರಶೇಖರ್ ಅವರ ಗೂಗ್ಲಿಯನ್ನು (ಅಂದುಕೊಂಡದ್ದಕ್ಕೆ ವಿರುದ್ಧ ದಿಕ್ಕಿಗೆ ತಿರುಗುವ ಚೆಂಡು) ನೆಲಕ್ಕೆ ಬಿದ್ದ ಮೇಲೆ ನೋಡಿಕೊಳ್ಳೋಣ ಅಂದರೆ ಕೀಪರ್‌ಗೆ ತಡವಾಗುತ್ತದೆ, ಬೌಲರ್ ಕೈಯಲ್ಲಿದ್ದಾಗಲೇ ಓದಬೇಕು. ಹಾಗಾಗಿ ಕೋಡ್ ಬರೆಯುವ ಮೊದಲೇ ಡೆವಲಪರ್ ಪಕ್ಕ ಕುರ್ಚಿ ಎಳೆದುಕೊಳ್ಳುತ್ತೇನೆ. ‘ಒಂದೇ ರಿಕ್ವೆಸ್ಟ್ ಎರಡು ಸಲ ಬಂದರೆ ಸರ್ವರ್ ಏನು ಮಾಡುತ್ತೆ?’ ಅಂತ ಆಗಲೇ ಕೇಳುತ್ತೇನೆ. ಅರ್ಧ ಬಗ್‌ಗಳು ಅಲ್ಲೇ ಸಾಯುತ್ತವೆ. ಅವು ಯಾವ ಲೆಕ್ಕಕ್ಕೂ ಸಿಗಲ್ಲ, ಅಪ್ರೈಸಲ್‌ನಲ್ಲಿ ತೋರಿಸೋದು ಕಷ್ಟ!

ಇನ್ನು ಡಿಆರ್‌ಎಸ್, ಅಂದರೆ ಅಂಪೈರ್ ತೀರ್ಪನ್ನು ಮತ್ತೆ ಪರಿಶೀಲಿಸಿ ಅಂತ ಕೇಳುವ ವ್ಯವಸ್ಥೆ. ಕ್ಯಾಪ್ಟನ್‌ಗೆ ಸಿಗುವುದು 15 ಸೆಕೆಂಡ್, ಅವನು ಮೊದಲು ತಿರುಗುವುದು ಕೀಪರ್ ಕಡೆಗೆ. ಎಲ್ಲದಕ್ಕೂ ‘ಔಟ್, ಔಟ್’ ಅನ್ನುವ ಕೀಪರನ್ನು ಆಮೇಲೆ ಯಾರೂ ಕೇಳುವುದಿಲ್ಲ. ಮೊನ್ನೆ ರಿಲೀಸ್ ದಿನ ಸಂಜೆ ಡೆವಲಪರ್ ಒಬ್ಬ ನನ್ನ ಸೀಟಿಗೇ ಬಂದ.

‘ಗುರೂ, ಆ ಬಟನ್ ಬಗ್ ಇದೆಯಲ್ಲ, ತಡೆಯೋಣ್ವಾ?’

‘ಬಣ್ಣ ಒಂಚೂರು ತಪ್ಪಿದೆ ಅಷ್ಟೇ. ಬಿಡು, ಮುಂದಿನ ವಾರ ನೋಡೋಣ’ ಅಂದೆ.