ಅಣ್ಣನ ಕೀಬೋರ್ಡು, ತಮ್ಮನ ಕೊರಳು: ಸ್ಪಾರ್ಕ್ಸ್ ತಂಡವನ್ನು ನಾನು ಕೇಳಿದ ಬಗೆ

ಸ್ಪಾರ್ಕ್ಸ್ ನನಗೆ ಮೊದಲು ಸಿಕ್ಕಿದ್ದು ಮೊಬೈಲ್ ಆ್ಯಪ್ ಜೋಡಿಸಿಕೊಟ್ಟ ಹಾಡುಗಳ ಪಟ್ಟಿಯಲ್ಲಿ. 1974ರ ಗಿಟಾರ್ ಅಬ್ಬರ ಮುಗಿಯುವಷ್ಟರಲ್ಲಿ 1979ರ ಡಿಸ್ಕೊ, ಅದರ ಬೆನ್ನಿಗೇ 2002ರ ತಂತಿವಾದ್ಯಗಳ ದನಿ. ಇವೆಲ್ಲ ಒಂದೇ ತಂಡದ್ದೆಂದು ನಂಬಲು ಕಷ್ಟವಾಯಿತು. ಎರಡು ದಿನ ಕೇಳಿ ಬಿಟ್ಟುಬಿಟ್ಟೆ. ಆದರೆ ಆ ಗಂಡಸಿನ ಎತ್ತರದ ದನಿ ಮಾತ್ರ ಕಿವಿಯಿಂದ ಹೋಗಲಿಲ್ಲ.

ಮತ್ತೆ ಹಿಂದಿರುಗಿದಾಗ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ವಾರಕ್ಕೆ ಒಂದೇ ಆಲ್ಬಂ, ಅದನ್ನು ಮೂರು ಸಲ ಕೇಳುವುದು ಎಂದು ಗೊತ್ತುಮಾಡಿಕೊಂಡೆ. ಮೊದಲ ಸಲ ಸುಮ್ಮನೆ, ಎರಡನೆಯ ಸಲ ಸಾಹಿತ್ಯವನ್ನು ಮುಂದಿಟ್ಟುಕೊಂಡು, ಮೂರನೆಯ ಸಲ ಹಾಡುವವನನ್ನು ಮರೆತು ಕೀಬೋರ್ಡನ್ನೇ ಹಿಂಬಾಲಿಸುತ್ತ. ಈ ಮೂರನೆಯ ಸಲವೇ ನನಗೆ ತಂಡದ ಬಾಗಿಲು ತೆರೆದದ್ದು.

ಸ್ಪಾರ್ಕ್ಸ್ ಎಂದರೆ ಲಾಸ್ ಏಂಜಲೀಸ್‌ನ ಇಬ್ಬರು ಅಣ್ಣತಮ್ಮಂದಿರು. ಅಣ್ಣ ರಾನ್ ಮೇಲ್ ಹಾಡು ಕಟ್ಟಿ ಕೀಬೋರ್ಡ್ ನುಡಿಸುತ್ತಾರೆ, ತಮ್ಮ ರಸೆಲ್ ಹಾಡುತ್ತಾರೆ. 1973ರಲ್ಲಿ ಇಬ್ಬರೂ ಲಂಡನ್ನಿಗೆ ಹೋಗಿ, ಅಲ್ಲಿಯ ವಾದ್ಯಗಾರರನ್ನು ಸೇರಿಸಿಕೊಂಡು, ಮರುವರ್ಷ ‘ಕಿಮೋನೊ ಮೈ ಹೌಸ್’ ಹೊರತಂದರು. ಮಿನುಗುವ ಉಡುಪಿನ ಗ್ಲ್ಯಾಮ್ ರಾಕ್ ಕಾಲದ ಇಂಗ್ಲೆಂಡಿನಲ್ಲಿ ಅದರ ಮೊದಲ ಹಾಡು ‘ದಿಸ್ ಟೌನ್ ಏಂಟ್ ಬಿಗ್ ಇನಫ್ ಫಾರ್ ಬೋತ್ ಆಫ್ ಅಸ್’ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಟಿವಿಯಲ್ಲಿ ಗುಂಗುರು ಕೂದಲಿನ ತಮ್ಮ ಕುಣಿಯುತ್ತಿದ್ದರೆ, ಚಿಕ್ಕ ಮೀಸೆಯ ಅಣ್ಣ ಅಲ್ಲಾಡದೆ ಕುಳಿತು ಕ್ಯಾಮೆರಾವನ್ನು ದಿಟ್ಟಿಸುತ್ತಿದ್ದರು.

ಆ ಹಾಡನ್ನು ನಾನು ಇಪ್ಪತ್ತು ಸಲವಾದರೂ ಕೇಳಿರಬೇಕು. ಕೀಬೋರ್ಡ್ ದೂರದಿಂದ ನಡೆದುಬರುವಂತೆ ಮೆಲ್ಲಗೆ ಕೇಳಿಸತೊಡಗುತ್ತದೆ. ಅದರ ಮೇಲೆ ರಸೆಲ್ ಉಸಿರಿಗೂ ಬಿಡುವಿಲ್ಲದಂತೆ ಮಾತುಗಳನ್ನು ಒಂದರ ಮೇಲೊಂದು ಏರಿಸುತ್ತಾರೆ. ನಡುವೆ ಗುಂಡಿನ ಸದ್ದು ಸಿಡಿದಾಗ ಇಡೀ ತಂಡ ಒಮ್ಮೆಲೇ ಮೈಮೇಲೆ ಬೀಳುತ್ತದೆ. ಇಷ್ಟು ಎತ್ತರದಲ್ಲೇಕೆ ಹಾಡಬೇಕು? ರಾನ್ ತಮ್ಮದೇ ಕೈಗೆ ಒಗ್ಗಿದ ಶ್ರುತಿಯಲ್ಲಿ ಹಾಡನ್ನು ಕಟ್ಟಿದ್ದರು, ಅದನ್ನು ಇಳಿಸಲು ಒಪ್ಪಲಿಲ್ಲ. ಹಾಡುಗಾರನ ಕಂಠಕ್ಕೆ ತಕ್ಕಂತೆ ಶ್ರುತಿ ಹಿಡಿಯುವ ಸಂಗೀತದಲ್ಲಿ ಬೆಳೆದ ನನಗೆ ಇದು ದೊಡ್ಡ ಬೆರಗು. ವಿಲಕ್ಷಣವೆಂದು ಎಲ್ಲರೂ ಹೇಳುವ ಆ ಕೊರಳು ಅಣ್ಣನ ಬೆರಳುಗಳನ್ನು ತಲುಪಲು ಹೊರಟು ಪಡೆದುಕೊಂಡ ಎತ್ತರ. ಇದು ತಿಳಿದ ಮೇಲೆ ಉಳಿದ ಆಲ್ಬಂಗಳೆಲ್ಲ ನನಗೆ ಬೇರೆಯಾಗಿಯೇ ಕೇಳಿಸಿದವು.

1974ರಲ್ಲೇ ಬಂದ ‘ಪ್ರಾಪಗಾಂಡ’, 1975ರ ‘ಇಂಡಿಸ್ಕ್ರೀಟ್’ ಎರಡನ್ನೂ ಬಿಡಬಾರದು. ಎರಡನೆಯದರಲ್ಲಿ ಟೋನಿ ವಿಸ್ಕಾಂಟಿಯವರ ನಿರ್ಮಾಣ. ಬ್ಯಾಂಡ್‌ಸೆಟ್ಟಿನ ಕಹಳೆಗಳೂ ಹಳೆಯ ಸ್ವಿಂಗ್ ಕುಣಿತವೂ ಬಂದು ಸೇರುತ್ತವೆ. ಮರುವರ್ಷದ ಆಲ್ಬಂ ‘ಬಿಗ್ ಬೀಟ್’ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ.

1979ರ ‘ನಂ. 1 ಇನ್ ಹೆವನ್’ ಹೊತ್ತಿಗೆ ಗಿಟಾರ್‌ಗಳೇ ಇಲ್ಲ. ಡಿಸ್ಕೊ ನಿರ್ಮಾಪಕ ಜಾರ್ಜಿಯೊ ಮೊರೊಡರ್ ಅವರ ಸಿಂಥಸೈಜರ್‌ಗಳು, ಒಟ್ಟು ಆರೇ ಹಾಡು. ಶೀರ್ಷಿಕೆ ಗೀತೆ ಮೋಡದ ಮೇಲೆ ತೇಲಿದಂತೆ ನಿಧಾನವಾಗಿ ಶುರುವಾಗಿ ನಡುವೆ ತಟ್ಟನೆ ಓಟ ಹಿಡಿಯುತ್ತದೆ. ಪಟ್ಟಿಯಲ್ಲಿ ನನ್ನನ್ನು ಗಲಿಬಿಲಿಗೊಳಿಸಿದ್ದ ಡಿಸ್ಕೊ ಇದೇ. ಆಲ್ಬಂಗಳ ಸಾಲಿನಲ್ಲಿ ಕೇಳಿದಾಗ ಅಣ್ಣನ ಎಡಗೈ ಮಾಡುತ್ತಿದ್ದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದಂತಿತ್ತು.

ಎಂಬತ್ತರ ದಶಕದಲ್ಲಿ ಒಂದೊಂದು ಆಲ್ಬಂಗೆ ಒಂದೊಂದು ವಾರ ಕೊಟ್ಟೆ. 1982ರ ‘ಆಂಗ್ಸ್ಟ್ ಇನ್ ಮೈ ಪ್ಯಾಂಟ್ಸ್’ಗೆ ಮಾತ್ರ ಎರಡು. 1988ರ ಆಲ್ಬಂ ಆದಮೇಲೆ ಆರು ವರ್ಷ ಹೊಸ ಆಲ್ಬಂ ಬರಲಿಲ್ಲ. ಆ ಜಾಗಕ್ಕೆ ಬಂದಾಗ ನಾನೂ ಒಂದು ವಾರ ಏನನ್ನೂ ಕೇಳದೆ ಇದ್ದೆ. ಹಾಗೆ ಕಾದು ಕೇಳಿದ 1994ರ ‘ವೆನ್ ಡೂ ಐ ಗೆಟ್ ಟು ಸಿಂಗ್ ಮೈ ವೇ’ ಹಾಡು ಎದೆಗೆ ನೇರವಾಗಿ ತಾಗಿತು.

ಕೊನೆಗೆ 2002ರ ‘ಲಿಲ್ ಬೀಥೋವನ್’. ಹೊಸಬರಿಗೆ ಇದನ್ನು ಮೊದಲೇ ಕೇಳಿಸಬೇಡಿ ಎಂದು ಬೇಡಿಕೊಳ್ಳುತ್ತೇನೆ. ಡ್ರಮ್ಸ್ ಬಹುಮಟ್ಟಿಗೆ ಇಲ್ಲ. ‘ಮೈ ಬೇಬೀಸ್ ಟೇಕಿಂಗ್ ಮಿ ಹೋಮ್’ ಹಾಡಿನಲ್ಲಿ ಆ ಒಂದು ಸಾಲು ನೂರಕ್ಕೂ ಹೆಚ್ಚು ಸಲ ಬರುತ್ತದೆ. ಕಛೇರಿಯಲ್ಲಿ ನೆರವಲ್ ಕೇಳಿದವರಿಗೆ ಒಂದೇ ಸಾಲನ್ನು ತಿರುಗಿಸಿ ತಿರುಗಿಸಿ ಹಾಡುವುದು ಹೊಸದಲ್ಲ. ಆದರೆ ಅಲ್ಲಿ ಪ್ರತಿ ಸುತ್ತಿಗೂ ಸ್ವರ ಬದಲಾಗುತ್ತದೆ. ಇಲ್ಲಿ ಸಾಲು ಹಾಗೇ ಇದ್ದು ಅದರ ಸುತ್ತಲಿನ ವಾದ್ಯಗಳು ಬೆಳೆಯುತ್ತವೆ. ಮನೆಗೆ ಹೋಗುವ ಸಂತೋಷದ ಮಾತು ಕೇಳುತ್ತ ಕೇಳುತ್ತ ನನ್ನ ಕಣ್ಣು ತುಂಬಿಬಂದವು.

ಈಗ ಮತ್ತೆ ಆರಂಭಕ್ಕೆ ಬಂದಿದ್ದೇನೆ: 1971ರಲ್ಲಿ, ಸ್ಪಾರ್ಕ್ಸ್ ಎಂಬ ಹೆಸರಿಗೂ ಮುಂಚೆ, ಹಾಫ್‌ನೆಲ್ಸನ್ ಎಂದು ಹೊರಬಂದ ಆಲ್ಬಂ. ಟಾಡ್ ರಂಡ್‌ಗ್ರೆನ್ ನಿರ್ಮಿಸಿದ ಅದರ ಮೊದಲ ಹಾಡು ‘ವಂಡರ್ ಗರ್ಲ್’ನಲ್ಲಿ ರಸೆಲ್ ಇನ್ನೂ ಮೆಲ್ಲಗೆ, ಸಂಕೋಚಪಡುತ್ತ ಹಾಡುತ್ತಾರೆ. ಎರಡು ಸಲ ಕೇಳಿಯಾಗಿದೆ. ಇಂದು ರಾತ್ರಿ ಮೂರನೆಯ ಸಲ, ಕೀಬೋರ್ಡಿನ ಹಿಂದೆ.